ಕಿವಿಯಲ್ಲಿ ಬೀಗದ ಕೈ ಗೊಂಚಲು

2 ನವೆಂಬರ್ 2024, ಶನಿವಾರ

ವಾರದ ಬಟ್ಟೆಯೆಲ್ಲ ಇಸ್ತ್ರಿಗೆ ಬಿದ್ದಿತ್ತು. ಸುಮ್ನೆ ನಿಂತು ತಿಕ್ಕೋಕೆ ಬೇಜಾರು ಅಂತ ಕಿವಿಗೆ ಟೆಡ್ ಕೊನೋವರ್ ಬರೆದ ‘ನ್ಯೂಜ್ಯಾಕ್’ ಆಡಿಯೊಬುಕ್ ಹಾಕಿಕೊಂಡೆ. 2000ನೇ ಇಸವಿಯ ಪುಸ್ತಕ. ಆತ ಪತ್ರಕರ್ತ. ಜೈಲು ಕಾವಲುಗಾರರ ತರಬೇತಿ ನೋಡಿ ಬರೀತೀನಿ ಅಂತ ನ್ಯೂಯಾರ್ಕ್ ರಾಜ್ಯದ ಜೈಲು ಇಲಾಖೆಯನ್ನು ಕೇಳಿದರೆ, ಆಗಲ್ಲ ಅಂದರಂತೆ. ಪುಣ್ಯಾತ್ಮ ತಾನೇ ಅರ್ಜಿ ಹಾಕಿ ಕೆಲಸಕ್ಕೆ ಸೇರಿಬಿಟ್ಟ! ಹೆಚ್ಚುಕಡಿಮೆ ಒಂದು ವರ್ಷ ಸಿಂಗ್ ಸಿಂಗ್ ಜೈಲಿನಲ್ಲಿ ಡ್ಯೂಟಿ. ಹೊಸ ಕಾವಲುಗಾರನನ್ನು ಅಲ್ಲಿ ಕರೆಯೋದೇ ‘ನ್ಯೂಜ್ಯಾಕ್’ ಅಂತ.

ಹಡ್ಸನ್ ನದಿ ದಂಡೆಯ ಆ ಜೈಲನ್ನು 1825ರಲ್ಲಿ ಕಟ್ಟೋಕೆ ಶುರುಮಾಡಿದವರೂ ಕೈದಿಗಳೇ. ತಮ್ಮನ್ನು ಕೂಡಿಹಾಕೋ ಗೋಡೆಗೆ ತಾವೇ ಕಲ್ಲು ಒಡೆದರು.

ಹೊಡೆದಾಟದ ಕತೆ ಜಾಸ್ತಿ ಇರುತ್ತೆ ಅಂದುಕೊಂಡಿದ್ದೆ. ನನ್ನನ್ನು ಹಿಡಿದಿಟ್ಟಿದ್ದು ಸಣ್ಣಪುಟ್ಟ ವಿಷಯಗಳು. ಸಾಲು ಸಾಲು ಕೋಣೆ, ಕೈಯಲ್ಲಿ ಬಂದೂಕಿಲ್ಲ, ಸೊಂಟದಲ್ಲಿ ಬೀಗದ ಕೈ ಗೊಂಚಲು. ತೆಗಿ, ಹಾಕು, ಮತ್ತೆ ತೆಗಿ. ಕಂಬಿಗೆ ಬಟ್ಟೆ ನೇತುಹಾಕಬಾರದು ಅಂತ ರೂಲ್ಸ್. ಒಬ್ಬೊಬ್ಬರ ಹತ್ತಿರವೂ ಜಗಳಕ್ಕೆ ನಿಂತರೆ ಡ್ಯೂಟಿ ಅಲ್ಲೇ ಮುಗೀತು. ನೋಡಿಯೂ ನೋಡದ ಹಾಗೆ ಹೋದರೆ, ಇವನು ಮೆತ್ತಗಿನವನು ಅಂತ ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಯಾವ ರೂಲ್ಸ್ ಬಿಡಬೇಕು ಅನ್ನೋದೇ ಅಸಲಿ ಕೆಲಸ, ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಡಲ್ಲ.

ಆತ ಅಲ್ಲಿ ನುಂಗಿಕೊಂಡ ಸಿಟ್ಟು ಮನೆಗೆ ಬಂದು ತನ್ನ ಪುಟ್ಟ ಮಗನ ಮೇಲೆ ತಿರುಗುತ್ತೆ. ಆ ಜಾಗಕ್ಕೆ ಬಂದಾಗ ಇಸ್ತ್ರಿಪೆಟ್ಟಿಗೆ ನಿಲ್ಲಿಸಿಟ್ಟು, ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಿದೆ. ಓದುವಾಗ ಇಂಥ ಕಡೆ ಕಣ್ಣು ಜಾರಿ ಮುಂದೆ ಹೋಗಿಬಿಡುತ್ತೆ, ಅಲ್ವಾ? ಕಿವಿಗೆ ಆ ಸೌಲಭ್ಯ ಇಲ್ಲ. ಆಫೀಸಿನಲ್ಲಿ ಯಾರಿಗೋ ಹೇಳಲಾಗದ್ದನ್ನು ನಾನು ಮನೆಯಲ್ಲಿ ಯಾರ ಮೇಲೆ ಹಾಕುತ್ತೇನೆ ಅಂತ ಲೆಕ್ಕ ಹಾಕುತ್ತಾ ಅಂಗಿಯ ಕಾಲರ್ ಒಂದನ್ನೇ ಮೂರು ಸಲ ತಿಕ್ಕಿದೆ.

ಒಂದು ತಕರಾರಿದೆ. ಆತನಿಗೆ ವರ್ಷ ಕಳೆದ ಮೇಲೆ ಹೊರಡೋ ದಾರಿ ಇತ್ತು, ಕೈಯಲ್ಲಿ ಪುಸ್ತಕವೂ ಇತ್ತು. ಜೊತೆಗಿದ್ದವರು ಪಿಂಚಣಿಗೆ 25 ವರ್ಷ ಎಣಿಸುತ್ತಾ ಅಲ್ಲೇ ಉಳಿದರು. ಅವರಲ್ಲೊಬ್ಬರು ಬರೆದಿದ್ದರೆ ಬೇರೆಯೇ ಪುಸ್ತಕ ಆಗುತ್ತಿತ್ತು ಅನಿಸಿತು.

ಆಮೇಲೆ ಈ ಪುಸ್ತಕವನ್ನು ಅಲ್ಲಿನ ಜೈಲುಗಳಿಗೆ ಬಿಡಲಿಲ್ಲವಂತೆ. ಕೊನೆಗೆ ಕೆಲವು ಪುಟ ಹರಿದು ತೆಗೆದು, ಉಳಿದ ಪುಸ್ತಕವನ್ನು ಕೈದಿಗಳಿಗೆ ಕೊಟ್ಟರಂತೆ. ಇನ್ನೂ ಎರಡು ಅಂಗಿ ಬಾಕಿ. ಇದು ಹರಿದ ಪುಟ ಇರಬಹುದಾ, ಇದಾ, ಅಂತ ಊಹಿಸುತ್ತಾ ಕೇಳುತ್ತಿದ್ದೇನೆ.