ಟೈಪಿಂಗ್ ಮೇಡಂ ಕಲಿಸಿದ ಕನ್ನಡ

ಈ ಕಾಲೇಜಿನಲ್ಲಿ ನಾನು ಬಿ.ಎ. ಓದಿದ್ದು 2005ರಿಂದ 2008ರವರೆಗೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ಓದಿದ್ದರಲ್ಲಿ ಬಹಳಷ್ಟು ಇನ್ನೂ ನೆನಪಿದೆ. ಆದರೆ ಇವತ್ತು ನನ್ನ ಅನ್ನಕ್ಕೆ ದಾರಿಯಾಗಿರುವುದು ಆಗಿನ ಪಠ್ಯಪಟ್ಟಿಯಲ್ಲಿ ಇರದಿದ್ದ ಒಂದು ವಿದ್ಯೆ: ಕೀಬೋರ್ಡ್ ನೋಡದೆ ಕನ್ನಡ ಟೈಪ್ ಮಾಡುವುದು. ನಾನೀಗ ತಾಲ್ಲೂಕು ನ್ಯಾಯಾಲಯವೊಂದರಲ್ಲಿ ಬೆರಳಚ್ಚುಗಾರ. ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಫೋನ್ ಮಾಡಿದಾಗ ನನಗೆ ಬೇರೆ ವಿಷಯವೇ ಹೊಳೆಯಲಿಲ್ಲ.

ಆಗ ಕಂಪ್ಯೂಟರ್ ಲ್ಯಾಬ್ ಇದ್ದದ್ದು ಹಳೇ ಕಟ್ಟಡದ ಮಹಡಿಯ ಮೇಲೆ, ಗ್ರಂಥಾಲಯದ ಪಕ್ಕದ ಉದ್ದ ಕೋಣೆಯಲ್ಲಿ. ತರಗತಿಗಳು ಮುಗಿದ ಮೇಲೆ ಸಂಜೆ ಅಲ್ಲಿ ಟೈಪಿಂಗ್ ಕ್ಲಾಸ್. ಕಲಿಸುತ್ತಿದ್ದವರು ಕಾಲೇಜಿನ ಕಾಯಂ ಉಪನ್ಯಾಸಕಿಯಲ್ಲ. ಪೇಟೆಯಲ್ಲಿ ಬಹಳ ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿ, ಮಕ್ಕಳನ್ನು ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಕೂರಿಸಿ, ಟೈಪ್‌ರೈಟರ್ ಕೇಳುವವರು ಕಡಿಮೆಯಾದ ಮೇಲೆ ಬಾಗಿಲು ಹಾಕಿದ್ದವರು. ಅವರ ಹೆಸರು ನಮಗೆಲ್ಲ ಗೊತ್ತಿತ್ತು, ಆದರೂ ನಾವು ಕರೆಯುತ್ತಿದ್ದುದು ಟೈಪಿಂಗ್ ಮೇಡಂ ಎಂದೇ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಲ್ಯಾಬಿನಲ್ಲಿ ಇದ್ದವು ಟಿವಿಎಸ್ ಗೋಲ್ಡ್ ಕೀಬೋರ್ಡ್‌ಗಳು. ಬಳಸಿದವರಿಗೆ ಗೊತ್ತು, ಇಟ್ಟಿಗೆಯಷ್ಟು ಭಾರ, ಪ್ರತಿ ಕೀ ಒತ್ತಿದಾಗಲೂ ಚಟ್ ಎಂಬ ಸದ್ದು. ಆ ಸದ್ದು ಮೇಡಂಗೆ ಬಹಳ ಮುಖ್ಯವಾಗಿತ್ತು. ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತು, ನಮಗೆ ಬೆನ್ನು ಹಾಕಿ ಕೇಳುತ್ತಿದ್ದರು. ಯಾರು ಆತುರಪಡುತ್ತಿದ್ದಾರೆ, ಯಾರು ಒಂದು ಅಕ್ಷರಕ್ಕಾಗಿ ತಡಕಾಡುತ್ತಿದ್ದಾರೆ ಎಂಬುದು ಅವರಿಗೆ ಕಿವಿಯಿಂದಲೇ ತಿಳಿಯುತ್ತಿತ್ತು. ‘ವೇಗ ಬೇಡ, ಸಮ ಬೇಕು. ಸಮ ಬಂದರೆ ವೇಗ ತಾನಾಗಿ ಬರುತ್ತೆ ಕಣ್ರಯ್ಯಾ’ ಎನ್ನುತ್ತಿದ್ದರು.

ಮೊದಲು ಇಂಗ್ಲಿಷ್. ಎಲ್ಲ ಇನ್‌ಸ್ಟಿಟ್ಯೂಟ್‌ಗಳಲ್ಲೂ ಇರುವ ಅದೇ ಪಾಠ: ಎಡಗೈಗೆ ಎ, ಎಸ್, ಡಿ, ಎಫ್, ಬಲಗೈಗೆ ಸೆಮಿಕೋಲನ್, ಎಲ್, ಕೆ, ಜೆ. ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಉಬ್ಬುಗೆರೆ ಇರುತ್ತದಲ್ಲ, ಎರಡು ತೋರುಬೆರಳುಗಳು ಅದನ್ನು ಮುಟ್ಟಿ ಕೂರಬೇಕು. ಉಳಿದ ಬೆರಳುಗಳು ಅದರಿಂದಲೇ ತಮ್ಮ ಜಾಗ ತಿಳಿದುಕೊಳ್ಳುತ್ತವೆ. ಎಲ್ಲಿಗೆ ಹೋದರೂ ಬೆರಳು ತನ್ನ ಮನೆಗೆ ವಾಪಸು ಬರಬೇಕು. ಮಣಿಕಟ್ಟು ಮೇಜಿಗೆ ತಾಗಬಾರದು. ಬೆನ್ನು ನೆಟ್ಟಗಿರಬೇಕು. ಕೀಗಳ ಮೇಲೆ ಕನ್ನಡ ಅಕ್ಷರಗಳ ಸ್ಟಿಕ್ಕರ್ ಅಂಟಿಸಿಕೊಡಿ ಎಂದು ಕೆಲವರು ಕೇಳಿದರು, ಮೇಡಂ ಖಡಾಖಂಡಿತವಾಗಿ ಬೇಡ ಎಂದರು. ಸ್ಟಿಕ್ಕರ್ ಇದ್ದರೆ ಕಣ್ಣು ಕೆಳಗೆ ಇಳಿಯುತ್ತದೆ. ಕಣ್ಣು ಇಳಿದರೆ ಬೆರಳಿಗೆ ಕಲಿಯುವ ಅಗತ್ಯವೇ ಬರುವುದಿಲ್ಲ. ಅದಕ್ಕೇ ಅವರು ಬಿಳಿ ಟವೆಲ್‌ಗಳನ್ನು ತಂದಿಟ್ಟಿದ್ದರು. ಮಾನಿಟರಿನ ಬುಡಕ್ಕೆ ಒಂದು ತುದಿ ಸಿಕ್ಕಿಸಿ, ಕೀಬೋರ್ಡ್ ಮತ್ತು ನಮ್ಮ ಕೈಗಳು ಎರಡೂ ಮುಚ್ಚುವಂತೆ ಹೊದೆಸಿಬಿಡುತ್ತಿದ್ದರು.

ನೋಡದೆ ಟೈಪ್ ಮಾಡುವುದು ಸಾಧ್ಯವೇ ಎಂದು ಒಂದು ಕಾಲದಲ್ಲಿ ಹಲವರಿಗೆ ಅನುಮಾನವಿತ್ತಂತೆ. ಮೇಡಂ ಹೇಳುತ್ತಿದ್ದ ಒಂದು ಪ್ರಸಂಗ ನನಗೆ ತುಂಬ ಇಷ್ಟ. 1888ರ ಜುಲೈ 25ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ಒಂದು ಟೈಪಿಂಗ್ ಪಂದ್ಯ ನಡೆಯಿತು. ಒಂದು ಕಡೆ ಲೂಯಿ ಟ್ರಾಬ್. ಅವರ ಯಂತ್ರದಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಕ್ಕೂ ಸಣ್ಣ ಅಕ್ಷರಕ್ಕೂ ಬೇರೆ ಬೇರೆ ಕೀಗಳು, ಅವರು ಕೀ ನೋಡಿಕೊಂಡೇ ಹೊಡೆಯುತ್ತಿದ್ದವರು. ಇನ್ನೊಂದು ಕಡೆ ಸಾಲ್ಟ್ ಲೇಕ್ ಸಿಟಿಯ ಫ್ರಾಂಕ್ ಮೆಕ್‌ಗರಿನ್. ಅವರು ರೆಮಿಂಗ್ಟನ್ ಯಂತ್ರದ ಕೀಗಳ ಜಾಗವನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಕಣ್ಣನ್ನು ಕಾಗದದ ಮೇಲೆಯೇ ಇಟ್ಟು ಟೈಪ್ ಮಾಡಿ ನಿರಾಯಾಸವಾಗಿ ಗೆದ್ದರು. ಆ ಮೆಕ್‌ಗರಿನ್ ಕೋರ್ಟಿನ ಶೀಘ್ರಲಿಪಿಗಾರರಾಗಿದ್ದರು. ಮೇಡಂ ಇದನ್ನು ಹೇಳುವಾಗ ನಾನೂ ಮುಂದೆ ಕೋರ್ಟಿನಲ್ಲೇ ಕೂರುತ್ತೇನೆ ಎಂದು ನನಗೇನು ಗೊತ್ತಿತ್ತು? ಈಗ ಅದು ನಮ್ಮದೇ ವೃತ್ತಿಯ ಹಿರಿಯರೊಬ್ಬರ ಕಥೆಯಾಗಿ ಕಾಣುತ್ತದೆ.

ಇಂಗ್ಲಿಷ್ ಕೈಗೆ ಹತ್ತಿದ ಮೇಲೆ ಕನ್ನಡಕ್ಕೆ ಬಂದೆವು. ನಾನು ನಿಜಕ್ಕೂ ಬರೆಯಬೇಕೆಂದಿರುವುದು ಇದನ್ನೇ.

ಲ್ಯಾಬಿನಲ್ಲಿ ನುಡಿ ತಂತ್ರಾಂಶ ಹಾಕಿದ್ದರು. ಅದರ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದು. ದಕ್ಷಿಣ ಕನ್ನಡದ ಕಿನ್ನಿಕಂಬಳದವರು, ಅಚ್ಚಿನ ಅಕ್ಷರಗಳ ಜಗತ್ತಿನಲ್ಲಿ ದುಡಿದವರು. ಸೇಡಿಯಾಪು ಎಂಬ ಕನ್ನಡ ತಂತ್ರಾಂಶ ಮಾಡಿ ಬೇಕಾದವರು ಬಳಸಿಕೊಳ್ಳಲಿ ಎಂದು ಉಚಿತವಾಗಿ ಕೊಟ್ಟವರು. ಅವರ ವಿನ್ಯಾಸವನ್ನೇ ಮುಂದೆ ಸರ್ಕಾರ ಶಿಷ್ಟ ಕೀಲಿಮಣೆಯಾಗಿ ಒಪ್ಪಿಕೊಂಡಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿದೆ. ಇದೆಲ್ಲ ಯಾರು ಬೇಕಾದರೂ ಓದಿ ತಿಳಿಯಬಹುದು. ಆ ವಿನ್ಯಾಸ ಎಷ್ಟು ಯೋಚಿಸಿ ಮಾಡಿದ್ದು ಎಂಬುದು ಮಾತ್ರ ಟವೆಲ್ ಅಡಿಯಲ್ಲಿ ಕೈ ಇಟ್ಟು ಕಲಿತವರ ಬೆರಳಿಗೇ ಗೊತ್ತಾಗುವುದು.

ಹೇಗೆಂದರೆ, ಕನ್ನಡದ ವ್ಯಂಜನದಲ್ಲಿ ಅಕಾರ ಮೊದಲೇ ಸೇರಿಕೊಂಡಿದೆ. ಕೆ ಒತ್ತಿದರೆ ಕ ಬಂತು, ಇನ್ನೇನೂ ಒತ್ತಬೇಕಿಲ್ಲ. ಕೆ ಆದಮೇಲೆ ಐ ಒತ್ತಿದರೆ ಕಿ. ಶಿಫ್ಟ್ ಹಿಡಿದರೆ ಅಲ್ಪಪ್ರಾಣ ಮಹಾಪ್ರಾಣವಾಗುತ್ತದೆ, ಹ್ರಸ್ವ ದೀರ್ಘವಾಗುತ್ತದೆ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಕನ್ನಡ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು, ಐದೇ ಕೀ. ಅದೇ ಪದಕ್ಕೆ ಇಂಗ್ಲಿಷಿನಲ್ಲಿ ಏಳು ಅಕ್ಷರ. ನನ್ನ ಗೆಳೆಯರಲ್ಲಿ ಹಲವರು ‘ಬರಹ’ ಎಂಬ ಇನ್ನೊಂದು ತಂತ್ರಾಂಶದಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಕನ್ನಡ ಬರೆಯುವ ಕ್ರಮ ರೂಢಿಸಿಕೊಂಡಿದ್ದರು, ಮೇಡಂ ಅದನ್ನು ಯಾವತ್ತೂ ಹೀಗಳೆಯಲಿಲ್ಲ. ‘ಪತ್ರ ಬರೆಯೋಕೆ ಅದು ಧಾರಾಳ ಸಾಕು. ದಿನಾ ಬರೆಯೋದೇ ಕೆಲಸ ಆದರೆ ಇದು ಬೇಕು’ ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು.

ಆ ಎಫ್ ಕೀಯನ್ನು ಸ್ವಲ್ಪ ಗಮನಿಸಿ. ಒತ್ತಕ್ಷರ ಇಲ್ಲದೆ ಕನ್ನಡದ ಒಂದು ಸಾಲು ಮುಂದೆ ಹೋಗುವುದಿಲ್ಲ. ಅಲ್ಲಿ, ಇಲ್ಲಿ, ಮತ್ತು, ಎಲ್ಲ, ಇದ್ದ, ಅಮ್ಮ, ಅಪ್ಪ. ಹೀಗೆ ಹೆಜ್ಜೆಹೆಜ್ಜೆಗೂ ಬೇಕಾದ ಆ ಕೀ ಇರುವುದು ಎಡ ತೋರುಬೆರಳಿನ ಮನೆಯಲ್ಲೇ, ಉಬ್ಬುಗೆರೆಯ ಮೇಲೆಯೇ! ಬೆರಳು ಎಲ್ಲಿಗೂ ಹೋಗಬೇಕಿಲ್ಲ, ಕೂತಲ್ಲೇ ಒತ್ತಿದರಾಯಿತು. ಮೇಡಂ ಕೊಟ್ಟ ಮೊದಲ ಕನ್ನಡ ಪಾಠವೂ ನಡುಸಾಲಿನ ಕೀಗಳಿಂದಲೇ ಆಗುವ ಪದಗಳು: ಅಜ್ಜ, ಅಕ್ಕ, ಹಗ್ಗ, ಜಗ, ಕಸ, ಕದ, ಅಗಲ, ಗದ್ದಲ. ಒಂದು ಬೆರಳೂ ಮೇಲಿನ ಸಾಲಿಗೆ ಹತ್ತದೆ, ಕೆಳಗಿನ ಸಾಲಿಗೆ ಇಳಿಯದೆ ಇಷ್ಟು ಕನ್ನಡ ಬರುತ್ತದೆ. ಇಡೀ ಲ್ಯಾಬ್ ಒಟ್ಟಿಗೆ ಅಜ್ಜ, ಅಜ್ಜ, ಅಜ್ಜ ಎಂದು ಟೈಪ್ ಮಾಡುವಾಗ ನಾಲ್ಕು ನಾಲ್ಕು ಚಟ್ ಸದ್ದುಗಳು ಒಂದೇ ತಾಳಕ್ಕೆ ಬೀಳುತ್ತಿದ್ದವು. ಮಳೆಗಾಲದಲ್ಲಿ ಮಹಡಿಯ ಹೆಂಚಿನ ಮೇಲೆ ಸುರಿಯುವ ಮಳೆಯ ಆರ್ಭಟದಲ್ಲೂ ಅದು ಕೇಳುತ್ತಿತ್ತು.

ಎಲ್ಲವೂ ಇಷ್ಟು ಸಲೀಸಲ್ಲ. ಮತ್ತು ಎಂದು ಬರೆಯುವಾಗ ಟಿ, ಎಫ್, ಟಿ ಮೂರೂ ಎಡ ತೋರುಬೆರಳಿಗೇ ಬರುತ್ತವೆ, ಅದು ಮೇಲೆ ಕೆಳಗೆ ಮೇಲೆ ಎಂದು ಕುಣಿಯಬೇಕು. ಡ ಇರುವುದು ಡಬ್ಲ್ಯುನಲ್ಲಿ. ಮಾಡು, ನೋಡು, ಬೇಡ, ಬಿಡು ಎಂದೆಲ್ಲ ದಿನವಿಡೀ ಬಳಸುವ ಅಕ್ಷರಕ್ಕೆ ಎಡಗೈಯ ಉಂಗುರಬೆರಳೇ ಗತಿ. ಬಹುವಚನದ ಗಳು ಅಂತೂ ಹೆಜ್ಜೆಗೊಮ್ಮೆ ಬರುತ್ತದೆ: ಎಡ ತೋರುಬೆರಳಿಂದ ಜಿ, ಎಡ ಕಿರುಬೆರಳು ಶಿಫ್ಟ್ ಹಿಡಿದಿರುವಾಗ ಬಲ ಉಂಗುರಬೆರಳಿಂದ ಎಲ್, ಆಮೇಲೆ ಶಿಫ್ಟ್ ಬಿಟ್ಟು ಯು. ಬಿಡುವುದು ಕ್ಷಣ ತಡವಾದರೂ ಗಳು ಹೋಗಿ ಗಳೂ ಆಗುತ್ತದೆ. ಆಕಾರದ ದೀರ್ಘ ಬರೆಯುವಾಗ ಎಡ ಕಿರುಬೆರಳು ಎ ಒತ್ತಬೇಕು, ಬಲ ಕಿರುಬೆರಳು ಶಿಫ್ಟ್ ಹಿಡಿಯಬೇಕು. ಅಲ್ಲಿಯವರೆಗೆ ಕೈಗೆ ಇದ್ದೂ ಇಲ್ಲದಂತಿದ್ದ ಎರಡು ಕಿರುಬೆರಳುಗಳು ಮೊದಲ ವಾರಗಳಲ್ಲಿ ರಾತ್ರಿ ಊಟಕ್ಕೆ ಕೂತಾಗಲೂ ನೋಯುತ್ತಿದ್ದವು. ಮೇಡಂ ಗಳು ಒಂದನ್ನೇ ಪುಟಗಟ್ಟಲೆ ಮಾಡಿಸಿದರು. ಮರಗಳು, ದನಗಳು, ಮನೆಗಳು, ಊರುಗಳು. ಒಂದು ಸಂಜೆ ಇದ್ದಕ್ಕಿದ್ದಂತೆ ಅದು ಮೂರು ಅಕ್ಷರವಾಗಿ ಉಳಿಯದೆ, ಒಂದೇ ಸಲಕ್ಕೆ ಕೈ ಮಾಡುವ ಕೆಲಸವಾಗಿಬಿಟ್ಟಿತು. ಆ ಸಂತೋಷವನ್ನು ನಾನು ಮರೆಯಲಾರೆ.

ಮಲೆನಾಡಿನ ಮಳೆಗಾಲ ಎಂದ ಮೇಲೆ ಕರೆಂಟ್ ಹೋಗುವುದು ಇದ್ದದ್ದೇ. ಯುಪಿಎಸ್ ಸ್ವಲ್ಪ ಹೊತ್ತು ಕೀಂ ಕೀಂ ಎಂದು ಕೂಗಿ ಸುಮ್ಮನಾಗುತ್ತಿತ್ತು. ಬೇರೆಯವರಾಗಿದ್ದರೆ ಕ್ಲಾಸ್ ಬಿಡುತ್ತಿದ್ದರು. ಮೇಡಂ ಮಾತ್ರ, ‘ಕಂಪ್ಯೂಟರ್ ಇಲ್ಲದಿದ್ದರೆ ಬೆರಳಿಲ್ಲವಾ?’ ಎಂದು ಆ ಕತ್ತಲಲ್ಲೇ ಉಕ್ತಲೇಖನ ಕೊಡುತ್ತಿದ್ದರು. ಸತ್ತ ಕೀಬೋರ್ಡುಗಳ ಮೇಲೆ ನಾವು ಟೈಪ್ ಮಾಡುತ್ತಿದ್ದೆವು. ಪರದೆಯ ಮೇಲೆ ಏನೂ ಮೂಡುತ್ತಿರಲಿಲ್ಲ, ಆದರೂ ಬೆರಳು ಜಾಗ ತಪ್ಪಿದ್ದು ನಮಗೇ ತಿಳಿಯುತ್ತಿತ್ತು. ಸರಿಯಾಗಿ ಕಲಿತ ಕೈ ತನ್ನ ತಪ್ಪನ್ನು ತಾನೇ ಕಂಡುಹಿಡಿಯುತ್ತದೆ ಎಂಬುದು ನನಗೆ ಖಾತರಿಯಾದದ್ದು ಆ ಕತ್ತಲಿನ ಪಾಠಗಳಲ್ಲಿ.

ಕೆಲಸಕ್ಕೆ ಸೇರಿದ ಮೇಲೆ ತಂತ್ರಾಂಶಗಳು ಬದಲಾದವು. ನುಡಿಯ ಹಳೇ ಫಾಂಟುಗಳು ಹೋಗಿ, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ಕ್ರಮವಾದ ಯೂನಿಕೋಡ್ ಬಂತು. ಹಳೇ ಕಡತಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣಿಸಿಕೊಳ್ಳುತ್ತಿದ್ದವು, ಅವನ್ನೆಲ್ಲ ಪರಿವರ್ತಿಸಲು ಕಚೇರಿಯವರು ಒದ್ದಾಡಬೇಕಾಯಿತು. ಬೆರಳುಗಳು ಏನನ್ನೂ ಹೊಸದಾಗಿ ಕಲಿಯಬೇಕಾಗಲಿಲ್ಲ. ಕೀಲಿಮಣೆ ವಿನ್ಯಾಸ ಅದೇ ಉಳಿಯಿತು. ಈ ಒಂದು ಕಾರಣಕ್ಕೇ, ಎಲ್ಲರಿಗೂ ಒಂದೇ ಶಿಷ್ಟ ಕೀಲಿಮಣೆ ಇರಲಿ ಎಂದು ಹೋರಾಡಿದವರಿಗೆ ನಾನು ಕೈಮುಗಿಯುತ್ತೇನೆ.

ಕೋರ್ಟಿನಲ್ಲಿ ನನ್ನ ಕೆಲಸ ಏನೆಂದು ಊರಿನವರು ಕೇಳುತ್ತಾರೆ. ಸಾಕ್ಷಿ ಕಟಕಟೆಯಲ್ಲಿ ನಿಂತು ಹೇಳುತ್ತಾರೆ, ನ್ಯಾಯಾಧೀಶರು ಅದನ್ನು ಉಕ್ತಲೇಖನ ಕೊಡುತ್ತಾರೆ, ನಾನು ಟೈಪ್ ಮಾಡುತ್ತೇನೆ. ಮುಖ್ಯ ವಿಚಾರಣೆ, ಆಮೇಲೆ ಪಾಟಿ ಸವಾಲು. ಜಮೀನಿನ ದಾವೆಯಾದರೆ ಸರ್ವೆ ನಂಬರು, ಚಕ್ಕುಬಂದಿ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಕಾಲುದಾರಿ, ಉತ್ತರಕ್ಕೆ ಅಣ್ಣನ ಹಿಸ್ಸೆ. ಇಲ್ಲಿ ಒಂದು ಅಂಕಿ ತಪ್ಪಿದರೂ ಒಬ್ಬರ ಗದ್ದೆ ಇನ್ನೊಬ್ಬರದಾಗುತ್ತದೆ. ಅಂಕಿಗಳ ಸಾಲಿಗೆ ಬೆರಳು ಮನೆಯಿಂದ ಎರಡು ಸಾಲು ದಾಟಿ ಹೋಗಿ ಬರಬೇಕು. ಎಷ್ಟೋ ಅನುಭವಿಗಳೂ ಅಲ್ಲಿ ಕೆಳಗೆ ನೋಡುತ್ತಾರೆ. ಮೇಡಂ ಅಂಕಿಗಳನ್ನೂ ಟವೆಲ್ ಅಡಿಯಲ್ಲೇ ಕಲಿಸಿದ್ದರು.

ಕಣ್ಣಿಗೆ ಕೀಬೋರ್ಡಿನ ಕೆಲಸವಿಲ್ಲದ್ದರಿಂದ ನಾನು ಸಾಕ್ಷಿಯ ಮುಖ ನೋಡುತ್ತಿರುತ್ತೇನೆ. ಹಳ್ಳಿಯ ವಯಸ್ಸಾದ ಹೆಂಗಸೊಬ್ಬರು ಮೊದಲ ಸಲ ಕೋರ್ಟಿಗೆ ಬಂದು, ಸೆರಗು ಹಿಡಿದುಕೊಂಡು, ಕೇಳಿಯೂ ಕೇಳದಂಥ ದನಿಯಲ್ಲಿ ಹೇಳುತ್ತಾರೆ. ತುಟಿ ನೋಡುತ್ತಿದ್ದರೆ ಅರ್ಧ ಮಾತು ಮೊದಲೇ ತಿಳಿಯುತ್ತದೆ. ಅವರು ನಮ್ಮ ಸೀಮೆಯ ಮಾತಿನಲ್ಲಿ ಹೇಳಿದ ಗಿಡ, ಮರ, ಅಳತೆ, ನಂಟಸ್ತಿಕೆಯ ಪದಗಳು ಕಿವಿಗೆ ಬೀಳುವುದೂ ಆಗಲೇ. ಕೊನೆಗೆ ಹೇಳಿಕೆಯನ್ನು ಅವರಿಗೆ ಓದಿ ಹೇಳುತ್ತೇವೆ, ಸರಿ ಇದೆ ಎಂದರೆ ಸಹಿ ಅಥವಾ ಹೆಬ್ಬೆಟ್ಟು. ತಾವು ಆಡಿದ ಮಾತೇ ಕಾಗದದ ಮೇಲೆ ಬಂದಿದೆ ಎಂದು ಗೊತ್ತಾದಾಗ ಅವರು ತಲೆಯಾಡಿಸುವ ರೀತಿ ಇದೆಯಲ್ಲ, ಅದನ್ನು ನೋಡಲು ನಾನು ಇನ್ನೂ ಎಷ್ಟು ವರ್ಷವಾದರೂ ಈ ಕುರ್ಚಿಯಲ್ಲಿ ಕೂರಬಲ್ಲೆ.

ಈಗಿನ ವಿದ್ಯಾರ್ಥಿಗಳು ಫೋನಿನಲ್ಲಿ ಎರಡು ಹೆಬ್ಬೆರಳಲ್ಲಿ ಕನ್ನಡ ಬರೆಯುವ ವೇಗ ಕಂಡು ನನಗೆ ಮೆಚ್ಚುಗೆಯೇ. ಬಾಯಲ್ಲಿ ಹೇಳಿದರೆ ತಾನೇ ಬರೆದುಕೊಳ್ಳುವ ಸೌಲಭ್ಯವೂ ಬಂದಿದೆ. ಆದರೆ ಹತ್ತು ಪುಟದ ಲೇಖನ, ಒಂದು ಪ್ರಬಂಧ, ಒಂದು ತೀರ್ಪು, ಇವನ್ನು ಕೂತು ಬರೆಯಲು ಹತ್ತು ಬೆರಳೂ ಬೇಕು. ಇದನ್ನು ಶಾಲೆ ಕಾಲೇಜುಗಳಲ್ಲಿ ಈಗ ಕಲಿಸುವವರೇ ಇಲ್ಲವೆನ್ನುವಷ್ಟು ಕಡಿಮೆ. ಕಂಪ್ಯೂಟರ್ ಕಲಿಸುತ್ತಾರೆ, ಕೈ ಎಲ್ಲಿಡಬೇಕೆಂದು ಹೇಳಿಕೊಡುವುದಿಲ್ಲ. ಎರಡು ಬೆರಳಲ್ಲಿ ಕುಟ್ಟುತ್ತಾ ಇಡೀ ಸೇವಾವಧಿ ಕಳೆಯುವ ನೌಕರರನ್ನು ನೋಡಿದ್ದೇನೆ. ಸಂಜೆಯಾಗುವಷ್ಟರಲ್ಲಿ ಅವರ ಕುತ್ತಿಗೆ ಎಷ್ಟು ನೋಯುತ್ತದೆಂದು ನನಗೆ ಗೊತ್ತು. ಅವರಿಗೆ ಹುಡುಗರಾಗಿದ್ದಾಗ ಯಾರಾದರೂ ಕೆಲವು ತಿಂಗಳು ಕಲಿಸಿದ್ದರೆ ಸಾಕಿತ್ತು.

ಮೇಡಂ ಈಗ ಮಗಳ ಮನೆಯಲ್ಲಿದ್ದಾರೆ. ಕಳೆದ ದೀಪಾವಳಿಗೆ ಹೋಗಿದ್ದೆ. ಕಾಫಿ ಕೊಟ್ಟು, ನನ್ನ ಎರಡೂ ಕೈ ಮುಂದೆ ಚಾಚಿಸಿ ಬೆರಳುಗಳನ್ನು ನೋಡಿ, ಮಣಿಕಟ್ಟು ನೋಯುತ್ತದಾ ಎಂದು ಕೇಳಿದರು. ಇಲ್ಲ ಮೇಡಂ ಎಂದೆ. ‘ಹಾಗಾದ್ರೆ ಸರಿಯಾಗೇ ಕೂರ್ತಿದ್ದೀಯ’ ಎಂದರು. ಕಾಲೇಜಿನಲ್ಲಿ ಕ್ಲಾಸ್ ನಡೆಯುತ್ತಿದೆಯಾ ಎಂದು ಆಮೇಲೆ ವಿಚಾರಿಸಿದರು. ನಿಂತುಹೋಗಿದೆ ಎಂದು ಹೇಳಬೇಕಾಯಿತು.

ಅದಕ್ಕೇ ಪ್ರಾಂಶುಪಾಲರಲ್ಲಿ ಮಾತಾಡಿ ಬಂದಿದ್ದೇನೆ. ಕೋರ್ಟಿಗೆ ರಜೆ ಇರುವ ಶನಿವಾರಗಳಲ್ಲಿ ಬಂದು ಕಲಿಸಲು ನಾನು ಸಿದ್ಧ. ಶುಲ್ಕ ಏನೂ ಇಲ್ಲ. ಕಲಿಯುವ ಮನಸ್ಸಿರುವವರು ಲ್ಯಾಬಿನಲ್ಲಿ ಹೆಸರು ಬರೆಸಿ. ಯಾವ ಕೀಬೋರ್ಡ್ ಆದರೂ ನಡೆಯುತ್ತದೆ, ಎಫ್ ಮತ್ತು ಜೆ ಮೇಲಿನ ಗೆರೆ ಸವೆದಿರದಿದ್ದರೆ ಸಾಕು. ಟವೆಲ್‌ಗಳನ್ನು ನಾನೇ ತರುತ್ತೇನೆ.