ಸದಾ ಗೆಲ್ಲೋ ಟೀಮಿನ ಅಭಿಮಾನಿ

"ಯಾವಾಗ್ಲೂ ಗೆಲ್ಲೋ ಟೀಮನ್ನ ಫಾಲೋ ಮಾಡೋದ್ರಲ್ಲಿ ಏನಪ್ಪಾ ಮಜಾ?" ಅಂತ ಗೆಳೆಯ ಕಾಲೆಳೀತಾನೆ. ನನ್ನ ಟೀಮು ಗ್ರೀಸ್‌ನ ಫುಟ್‌ಬಾಲ್ ಟೀಮು ಒಲಿಂಪಿಯಾಕೋಸ್. ಅಥೆನ್ಸ್ ಪಕ್ಕದ ಬಂದರು ಪಿರೇಯಸ್‌ನಲ್ಲಿ 1925ರಲ್ಲಿ ಹುಟ್ಟಿದ ಕೆಂಪು-ಬಿಳಿ ಪಟ್ಟೆಯ ಕ್ಲಬ್ಬು. 1997ರಿಂದ 2003ರವರೆಗೆ ಸತತ ಏಳು ಸಲ ಗ್ರೀಸ್‌ನ ಲೀಗ್ ಗೆಲುವು, 2011ರಿಂದ 2017ರವರೆಗೆ ಮತ್ತೆ ಏಳು. ನಿಜ ಹೇಳ್ಬೇಕಂದ್ರೆ, ಗ್ರೀಸ್‌ನಲ್ಲಿ ಗೆದ್ದಾಗ ಖುಷಿಗಿಂತ ನಿರಾಳವೇ ಜಾಸ್ತಿ.

ಆದ್ರೆ ಯುರೋಪಿಗೆ ಹೋದ್ರೆ ನಾವು ಬಡವರು! ಅಲ್ಲೇ ಇರೋದು ಮಜಾ. 2024ರಲ್ಲಿ ಗ್ರೀಸ್‌ನ ಲೀಗ್‌ನಲ್ಲಿ ಮೂರನೇ ಸ್ಥಾನ. ಯುರೋಪಿನ ಕ್ಲಬ್‌ಗಳ ಮೂರನೇ ದರ್ಜೆಯ ಕಪ್ ಆದ ಕಾನ್ಫರೆನ್ಸ್ ಲೀಗ್‌ನಲ್ಲಿ ಇಸ್ರೇಲಿನ ಮಕಾಬಿ ಟೆಲ್ ಅವೀವ್ ಎದುರು ನಮ್ಮ ಮೈದಾನದಲ್ಲೇ 4-1 ಸೋಲು. ಮುಗೀತು ಅಂದ್ಕೊಂಡ್ರೆ, ಎರಡನೇ ಪಂದ್ಯ 6-1 ಗೆದ್ದು, ಎರಡೂ ಪಂದ್ಯದ ಗೋಲು ಕೂಡಿಸಿದ ಲೆಕ್ಕದಲ್ಲಿ ಮುಂದೆ ಹೋದ್ರು! ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾ ಮೇಲೆ ನಮ್ಮ ಅಯೂಬ್ ಎಲ್ ಕಾಬಿ ಒಬ್ಬನೇ ಎರಡು ಪಂದ್ಯ ಸೇರಿ ಐದು ಗೋಲು. ಫೈನಲ್ ಮೇ 29ಕ್ಕೆ, ಇಟಲಿಯ ಫಿಯೊರೆಂಟಿನಾ ಎದುರು, ಅದೂ ಗ್ರೀಸ್‌ನಲ್ಲೇ ನಮ್ಮ ಬದ್ಧ ವೈರಿ ಕ್ಲಬ್ ಆದ ಎಇಕೆಯ ಸ್ಟೇಡಿಯಮ್ಮಿನಲ್ಲಿ (ಈ ಭಾಗ ನನಗೆ ಇನ್ನೂ ರುಚಿ). 116ನೇ ನಿಮಿಷದಲ್ಲಿ ಮತ್ತೆ ಎಲ್ ಕಾಬಿ ತಲೆಯಿಂದ ಗೋಲು, ಕಪ್ ನಮ್ದು. ಗ್ರೀಸ್‌ನ ಯಾವ ಕ್ಲಬ್ಬೂ ಅದಕ್ಕೂ ಮುಂಚೆ ಯುರೋಪಿನ ಕಪ್ ಗೆದ್ದಿರಲಿಲ್ಲ. 1971ರಲ್ಲಿ ಅಥೆನ್ಸ್‌ನ ಪನಾಥಿನೈಕೋಸ್ ಕ್ಲಬ್ಬು ಯುರೋಪಿಯನ್ ಕಪ್‌ನಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ ನಡೆದ ಫೈನಲ್‌ವರೆಗೆ ಹೋಗಿ ನೆದರ್‌ಲ್ಯಾಂಡ್ಸ್‌ನ ಅಯಾಕ್ಸ್‌ಗೆ ಸೋತಿತ್ತು.

ಮರುವರ್ಷ 48ನೇ ಲೀಗ್, ಜೊತೆಗೆ ಗ್ರೀಕ್ ಕಪ್ಪೂ ಬಂತು. ಖುಷಿಯಾಯ್ತು, ಸುಳ್ಳು ಹೇಳಲ್ಲ. ಆದ್ರೆ ಗೆಳೆಯನಿಗೆ ತೋರಿಸೋಕೆ ನಾನು ಫೋನಿನಲ್ಲಿ ಇಟ್ಕೊಂಡಿರೋದು ಮೂರನೇ ಸ್ಥಾನದ ಆ ವರ್ಷದ ವಿಡಿಯೋ.