ಹಟ್ಸನ್ ದೊಡ್ಡವನಾ, ಶಾರ್ಪ್ ದೊಡ್ಡವನಾ? ಗ್ರೀನ್ ಬೇಯಲ್ಲಿ ಒಂದು ಭಾನುವಾರ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಿನ ಜನಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿನ ಲ್ಯಾಂಬೋ ಫೀಲ್ಡ್ ಸ್ಟೇಡಿಯಂನಲ್ಲಿ 81 ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಅಲ್ಲಿ ಆಡುವ ಪ್ಯಾಕರ್ಸ್ ಎನ್‌ಎಫ್‌ಎಲ್ ಎಂಬ ಅಮೆರಿಕನ್ ಫುಟ್‌ಬಾಲ್ ಲೀಗಿನ ತಂಡ. ಅದಕ್ಕೆ ಒಬ್ಬ ಧಣಿ ಅಂತ ಇಲ್ಲ. ಐದು ಲಕ್ಷಕ್ಕೂ ಹೆಚ್ಚು ಷೇರುದಾರರೇ ಮಾಲೀಕರು. ಆ ಷೇರಿಗೆ ಲಾಭಾಂಶ ಬರುವುದಿಲ್ಲ, ಮಾರಿ ದುಡ್ಡು ಮಾಡಲೂ ಆಗದು. ಇಷ್ಟನ್ನು ಓದಿಕೊಂಡೇ ಹೋಗಿದ್ದೆ. ಆದರೆ ಆ ಊರಿನವರು ತಮ್ಮ ಆಟಗಾರರ ಬಗ್ಗೆ ಮಾತಾಡುವ ಪರಿ ನನಗೆ ಗೊತ್ತಿರಲಿಲ್ಲ.

ಅಕ್ಕನ ಮನೆ ಮಿಲ್ವಾಕಿಯಲ್ಲಿ. ಅಲ್ಲಿಂದ ಎರಡು ಗಂಟೆ ದಾರಿ. ನವೆಂಬರಿನ ಒಂದು ಶನಿವಾರ ಸಂಜೆ ಭಾವನ ಜೊತೆ ಹೋಗಿ ಹೋಟೆಲ್ ಹಿಡಿದೆವು. ರಾತ್ರಿ ತಿಂದ ಚೀಸ್ ಕರ್ಡ್ಸ್ (ಚೀಸಿನ ಪುಟ್ಟ ತುಂಡುಗಳು) ಬಗ್ಗೆ ಒಂದು ಮಾತು: ಕರಿದದ್ದಕ್ಕಿಂತ ಹಸಿಯದೇ ರುಚಿ. ತಾಜಾ ಇದ್ದರೆ ಹಲ್ಲಿಗೆ ಕಿರ್ ಅನ್ನುತ್ತದೆ. ಸ್ಟೇಡಿಯಂ ಪಕ್ಕದ ಟೈಟಲ್‌ಟೌನ್ ಎಂಬ ಹೊಸ ಬಡಾವಣೆ ನನಗೆ ಹಿಡಿಸಲಿಲ್ಲ. ಅಂಥ ಹೊಳಪು ಎಲ್ಲ ಊರಲ್ಲೂ ಸಿಗುತ್ತದೆ.

ಲ್ಯಾಂಬೋ ಸುತ್ತ ಮಾಮೂಲಿ ಮನೆಗಳಿವೆ. ಆಟದ ದಿನ ಆ ಮನೆಯವರು ತಮ್ಮ ಹುಲ್ಲುಹಾಸಿನ ಮೇಲೇ ದುಡ್ಡು ತಗೊಂಡು ಕಾರು ನಿಲ್ಲಿಸಿಕೊಳ್ಳುತ್ತಾರೆ. ನಾವೂ ಒಂದು ಮನೆಯ ಮುಂದೆ ನಿಲ್ಲಿಸಿ ಗೇಟಿಗೆ ನಡೆದೆವು. ಬೆನ್ನಿನ ಚೀಲ ನೋಡಿ ಒಳಗೆ ಬಿಡಲಿಲ್ಲ. "ಚಿಕ್ಕ ಚೀಲ ತಾನೇ, ಏನೂ ಆಗಲ್ಲ" ಅಂತ ಹೋಟೆಲಿನವರು ಖಾತ್ರಿ ಕೊಟ್ಟು ಕಳಿಸಿದ್ದರು. ಆ ಚಳಿಯಲ್ಲಿ ಅಷ್ಟು ದೂರ ವಾಪಸ್ ನಡೆದದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಹೋಗುವವರು ಕೇಳಿಸಿಕೊಳ್ಳಿ: ಪಾರದರ್ಶಕ ಪ್ಲಾಸ್ಟಿಕ್ ಚೀಲ, ಇಲ್ಲವೇ ಅಂಗೈಯಗಲದ ಪರ್ಸ್. ಬೇರೆ ಯಾವುದನ್ನೂ ಬಿಡುವುದಿಲ್ಲ. ಹೋಟೆಲಿನವರ ಮಾತು ನಂಬಬೇಡಿ, ತಂಡದ ನಿಯಮವನ್ನೇ ಓದಿ.

ಚೀಲವನ್ನು ಕಾರಿನಲ್ಲಿಡಲು ಬಂದಾಗ ಆ ಮನೆಯ ಗ್ಯಾರೇಜಿನಲ್ಲಿ ಜೋರು ವಾದ ನಡೆಯುತ್ತಿತ್ತು. ಎಪ್ಪತ್ತು ದಾಟಿದ ಅಜ್ಜ, ಅವರ ಮಗಳು, ಹದಿನೇಳರ ಮೊಮ್ಮಗ. ಪ್ಯಾಕರ್ಸ್ ಕಂಡ ಅತಿ ಒಳ್ಳೆಯ ರಿಸೀವರ್ ಯಾರು? ತಂಡದ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಓಡುತ್ತಲೇ ಹಿಡಿಯುವವನು ರಿಸೀವರ್. ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ ಟಚ್‌ಡೌನ್. ನಮ್ಮಲ್ಲಿ ವಿಶ್ವನಾಥ್ ಮೇಲಾ ದ್ರಾವಿಡ್ ಮೇಲಾ ಅಂತ ಹೊತ್ತು ಮುಳುಗುವವರೆಗೆ ಜಗಳ ಆಡುವುದಿಲ್ಲವೇ, ಹಾಗೇ.

ಅಜ್ಜನದು ಒಂದೇ ಹೆಸರು: ಡಾನ್ ಹಟ್ಸನ್. "1935ರಲ್ಲಿ ಶಿಕಾಗೋ ಬೇರ್ಸ್ ಮೇಲಿನ ಆಟ. ಮೊದಲ ಎಸೆತದಲ್ಲೇ 83 ಗಜದ ಟಚ್‌ಡೌನ್. ಬೇರೆ ಸ್ಕೋರೇ ಇಲ್ಲ, 7–0. ನಮ್ಮಪ್ಪ ಹಟ್ಸನ್ ಆಡಿದ್ದನ್ನು ಹಳೇ ಸಿಟಿ ಸ್ಟೇಡಿಯಂನಲ್ಲಿ ಕಣ್ಣಾರೆ ಕಂಡವರು." 1942ರಲ್ಲಿ ಹಟ್ಸನ್ ಹಿಡಿದದ್ದು 74 ಚೆಂಡು, ಲೀಗಿನಲ್ಲಿ ಎರಡನೆಯವನು 27. ಚೆಂಡು ಹಿಡಿದು ಮಾಡಿದ ಅವನ 99 ಟಚ್‌ಡೌನ್‌ಗಳ ದಾಖಲೆ ಮುರಿಯಲು 1989 ಬರಬೇಕಾಯಿತು. ಅಜ್ಜ ಇದನ್ನೆಲ್ಲ ಮಗ್ಗಿಯ ಥರ ಒಪ್ಪಿಸಿದರು.

"ಆಗ ಯುದ್ಧ ಅಲ್ವಾ ಅಪ್ಪಾ! ಒಳ್ಳೆ ಆಟಗಾರರೆಲ್ಲ ಸೈನ್ಯಕ್ಕೆ ಹೋಗ್ತಿದ್ರು," ಅಂದರು ಮಗಳು. ಅವರ ಆಯ್ಕೆ ಸ್ಟರ್ಲಿಂಗ್ ಶಾರ್ಪ್. 1992ರಲ್ಲಿ 108 ಹಿಡಿದು ಲೀಗಿನ ದಾಖಲೆ ಮಾಡಿದ, ಮರುವರ್ಷ 112 ಹಿಡಿದು ತನ್ನದೇ ದಾಖಲೆ ಮುರಿದ. 1994ರಲ್ಲಿ 18 ಟಚ್‌ಡೌನ್. ಅದೇ ವರ್ಷ ಕುತ್ತಿಗೆಗೆ ಪೆಟ್ಟಾಯಿತು. 29ಕ್ಕೇ ಆಟ ಮುಗಿಯಿತು. ಎರಡು ವರ್ಷಕ್ಕೆ ತಂಡ ಸೂಪರ್ ಬೌಲ್, ಅಂದರೆ ವರ್ಷದ ಫೈನಲ್, ಗೆದ್ದಾಗ ಅವನಿಲ್ಲ. "ಅವನನ್ನ ಹಾಲ್ ಆಫ್ ಫೇಮ್‌ಗೆ, ದಿಗ್ಗಜರ ಸಾಲಿಗೆ, ಸೇರಿಸಿಕೊಳ್ಳೋಕೆ 2025ರವರೆಗೆ ಕಾಯಿಸಿದ್ರು," ಅನ್ನುವಾಗ ಆಕೆಯ ದನಿ ನಡುಗಿತು. ಸ್ವಂತ ತಮ್ಮನಿಗೆ ಅನ್ಯಾಯವಾದವರ ಹಾಗಿದ್ದರು.

ಹುಡುಗ ಡವಾಂಟೆ ಆಡಮ್ಸ್ ಕಡೆ. 2021ರಲ್ಲಿ 123 ಹಿಡಿತ, 1,553 ಗಜ, ಎರಡೂ ತಂಡದ ದಾಖಲೆ. ಮರುವರ್ಷ ಆಡಮ್ಸ್ ಲಾಸ್ ವೇಗಸ್ ತಂಡಕ್ಕೆ ಹೋದ.

ನಾನು ಸುಮ್ನೆ ಇರಲಾರದೆ ಕೇಳಿದೆ: "ಹಾಗಾದ್ರೆ ಅತಿ ಕೆಟ್ಟವನು ಯಾರು?"

ಹುಡುಗ ತಡಮಾಡಲಿಲ್ಲ. "ಕ್ರಿಶ್ಚಿಯನ್ ವಾಟ್ಸನ್. ಮೊದಲ ದಿನ." ಆಡಮ್ಸ್ ಹೋದ ವರ್ಷವೇ ಬಂದವನು ವಾಟ್ಸನ್. 2022ರ ಸೆಪ್ಟೆಂಬರ್, ಮಿನಿಯಾಪೊಲಿಸ್. ತಂಡದ ಮೊದಲ ಎಸೆತವನ್ನೇ ಕ್ವಾರ್ಟರ್‌ಬ್ಯಾಕ್ ರಾಡ್ಜರ್ಸ್ ಅವನಿಗೆ ಉದ್ದಕ್ಕೆ ಎಸೆದ. ಎದುರಾಳಿಗಳೆಲ್ಲ ಹಿಂದೆ ಉಳಿದಿದ್ದರು. ಹಿಡಿದಿದ್ದರೆ 75 ಗಜದ ಟಚ್‌ಡೌನ್. ಚೆಂಡು ಕೈಗೆ ಬಂದು ಜಾರಿತು.

ಅಜ್ಜ ಕುರ್ಚಿಯಿಂದ ಎದ್ದೇ ಬಿಟ್ಟರು. "ನವೆಂಬರಿನಲ್ಲಿ ಡಲ್ಲಾಸ್ ಮೇಲೆ ಅದೇ ಹುಡುಗ ಮೂರು ಟಚ್‌ಡೌನ್ ಹೊಡೆದಾಗ ನೀನು ಎಲ್ಲಿದ್ದೆ? ನನ್ನ ಪಕ್ಕದಲ್ಲೇ ಕುಣೀತಿದ್ದೆ!" ಆಮೇಲೆ ನನ್ನ ಕಡೆ ತಿರುಗಿ ಹಳೇ ರಿಸೀವರ್ ಮ್ಯಾಕ್ಸ್ ಮೆಗೀ ಕಥೆ ಶುರು ಮಾಡಿದರು. 1966ರ ಲೀಗ್ ಪಂದ್ಯಗಳಲ್ಲೆಲ್ಲ ಸೇರಿ ಮೆಗೀ ಹಿಡಿದದ್ದು ನಾಲ್ಕೇ ಚೆಂಡು. ಮುದುಕನಾದ, ಮುಗಿದ ಅಂತ ಊರೇ ಅಂದಿತ್ತು. 1967ರ ಜನವರಿ, ಮೊಟ್ಟಮೊದಲ ಸೂಪರ್ ಬೌಲ್. ರಿಸೀವರ್ ಬಾಯ್ಡ್ ಡೌಲರ್‌ಗೆ ಪೆಟ್ಟಾಗಿ ಮೆಗೀಯನ್ನು ಇಳಿಸಿದರು. ಹಿಂದಿನ ರಾತ್ರಿ ಊರು ಸುತ್ತಿ ಬಂದಿದ್ದವನು! ಬೆನ್ನ ಹಿಂದೆ ಬಂದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದು 37 ಗಜದ ಟಚ್‌ಡೌನ್ ಮಾಡಿದ. ಆ ದಿನ ಒಟ್ಟು 7 ಹಿಡಿತ, 138 ಗಜ, ಎರಡು ಟಚ್‌ಡೌನ್. ಅಜ್ಜ ಆಗ ಶಾಲೆಯ ಹುಡುಗ. ಟೀವಿ ಮುಂದೆ ಅಪ್ಪ ತಮ್ಮನ್ನು ಎತ್ತಿಕೊಂಡದ್ದನ್ನು ಕೈಯಾಡಿಸಿ ತೋರಿಸಿದರು.

"ನಾಲ್ಕು ಹಿಡಿದವನನ್ನ ಡಿಸೆಂಬರಿನಲ್ಲೇ ಕೆಟ್ಟವನು ಅಂತ ಬರೆದಿಟ್ಟಿದ್ರೆ?" ಅಂತ ಮೊಮ್ಮಗನನ್ನು ಕೇಳಿದರು. ಹುಡುಗ ಸೋಲಲಿಲ್ಲ. "ಆದ್ರೂ ಅವತ್ತಿನ ಚೆಂಡು ಹಿಡೀಬೇಕಿತ್ತು ತಾತ," ಅಂದ. ಅವನ ಕಣ್ಣಲ್ಲಿ ನೀರಿತ್ತು. ಮೂರು ವರ್ಷ ದಾಟಿದ ನೋವು! ನನಗೆ ಆ ಮನೆಯ ಮೇಲೆ ಪ್ರೀತಿ ಹುಟ್ಟಿದ್ದು ಆಗ.

ಹೊರಡುವಾಗ ಅಜ್ಜ ಎರಡು ರಟ್ಟಿನ ತುಂಡು ಕೊಟ್ಟರು, ಕಾಲಡಿ ಹಾಕಿಕೊಳ್ಳಲು. ಒಳಗೆ ಕೂರಲು ಲೋಹದ ಬೆಂಚು, ಕೆಳಗೆ ಕಾಂಕ್ರೀಟು. ಚಳಿ ಕಾಲಿನಿಂದಲೇ ಏರುತ್ತದೆ. ಆ ರಟ್ಟಿಲ್ಲದಿದ್ದರೆ ಅರ್ಧ ಆಟಕ್ಕೇ ಎದ್ದು ಬರುತ್ತಿದ್ದೆವು. ನೀವೂ ಒಯ್ಯಿರಿ.

ಪಂದ್ಯದ ವಿವರ ಬಿಡುತ್ತೇನೆ, ಟೀವಿಯಲ್ಲೇ ಚೆನ್ನಾಗಿ ಕಾಣುತ್ತದೆ. ವಾಪಸ್ ಬರುವಾಗ ನಮ್ಮಿಬ್ಬರದೂ ಅದೇ ಜಗಳ. ಭಾವ ಡೊನಾಲ್ಡ್ ಡ್ರೈವರ್ ಕಡೆ. "ಹೊಸ ಆಟಗಾರರ ಆಯ್ಕೆಯ ಏಳನೇ ಸುತ್ತಿನಲ್ಲಿ, 213ನೆಯವನಾಗಿ ಸಿಕ್ಕಿದ ಹುಡುಗ ಮಾರಾಯ. 743 ಹಿಡಿತ, 10,137 ಗಜ. ತಂಡದಲ್ಲಿ ಅವನನ್ನ ದಾಟಿದವರಿಲ್ಲ. ಇನ್ನೇನು ಬೇಕು ನಿಂಗೆ?" ನನ್ನ ಮತ ಶಾರ್ಪ್‌ಗೆ. ಡ್ರೈವರ್ ಆಡಿದ್ದು 14 ವರ್ಷ, ಶಾರ್ಪ್ ಏಳೇ ವರ್ಷದಲ್ಲಿ 595 ಹಿಡಿದ. ದಾರಿಯ ಶೆಬಾಯ್ಗನ್ ಊರು ದಾಟಿದರೂ ಇಬ್ಬರೂ ಬಗ್ಗಲಿಲ್ಲ.

ಒಂದು ವಿಷಯ ಮಾತ್ರ ಕೊರೆಯುತ್ತಿದೆ. ಜೇಮ್ಸ್ ಲಾಫ್ಟನ್ ಹೆಸರನ್ನು ಆ ಗ್ಯಾರೇಜಿನಲ್ಲಿ ಯಾರೂ ಎತ್ತಲಿಲ್ಲ. 1978ರಿಂದ 1986ರವರೆಗೆ ಆಡಿ 9,656 ಗಜ ಗಳಿಸಿದವನು, 2003ರಲ್ಲೇ ಹಾಲ್ ಆಫ್ ಫೇಮ್ ಸೇರಿದವನು. ತಂಡ ಸೊರಗಿದ್ದ ಕಾಲದಲ್ಲಿ ಆಡಿದ ಅನ್ನುವುದಕ್ಕೇ ಮರೆತರಾ? ಮುಂದಿನ ಸಲ ಅದೇ ಹುಲ್ಲುಹಾಸಿನ ಮೇಲೆ ಕಾರು ನಿಲ್ಲಿಸಿ ಅಜ್ಜನನ್ನು ಕೇಳಬೇಕು.